ಒಂದು ಅಂಗಡಿ ಹತ್ತು ಅಂಗಡಿ ಆಗೋದು ಯಾಕೆ?

ಜಯನಗರದಲ್ಲಿ ಗೆಳೆಯರು ಸೇರಿ ನಡೆಸುವ ಭಾನುವಾರದ ಮಾತುಕತೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಒಂದಿಷ್ಟು ಸೇರಿಸಿದ್ದೇನೆ. ಒಂದೆರಡು ಜೋಕು ತೆಗೆದಿದ್ದೇನೆ, ಅವು ಅಲ್ಲೇ ಓಡಲಿಲ್ಲ.

ಎಲ್ಲರಿಗೂ ನಮಸ್ಕಾರ. ಒಂದು ಕಸುಬಿನ ಕಂಪನಿ ಹತ್ತು ಕಸುಬಿಗೆ ಕೈ ಹಾಕುವುದು ಯಾಕೆ ಅನ್ನುವುದು ಇವತ್ತಿನ ಮಾತು. ಇಲ್ಲಿ ಕೂತವರಲ್ಲಿ ಅರ್ಧ ಜನ ಎಚ್‌ಎಂಟಿ, ಬಿಇಎಲ್, ಐಟಿಐ ಅನ್ನುವ ಸರ್ಕಾರಿ ಕಾರ್ಖಾನೆಗಳಿಂದ ರಿಟೈರ್ ಆದವರು. ಇನ್ನರ್ಧ ಜನ ಔಟರ್ ರಿಂಗ್ ರೋಡಿನ ಆಫೀಸುಗಳವರು. ಹಾಗಾಗಿ ಗೂಗಲ್, ಫೇಸ್‌ಬುಕ್‌ಗಳ ಕ್ಯಾಲಿಫೋರ್ನಿಯಾಗೆ ಆಮೇಲೆ ಹೋಗೋಣ, ಮೊದಲು ಊರಿನ ಕತೆ.

ಸಂತೂರ್ ಸೋಪು ಯಾರದ್ದು? ವಿಪ್ರೋದು. ಆ ಕಂಪನಿ 1945ರಲ್ಲಿ ಮಹಾರಾಷ್ಟ್ರದ ಅಮಳನೇರ್‌ನಲ್ಲಿ ವನಸ್ಪತಿ ಮಾಡುವುದಕ್ಕೆ ಶುರುವಾಗಿದ್ದು. 1966ರಲ್ಲಿ ತಂದೆ ತೀರಿಕೊಂಡಾಗ 21 ವರ್ಷದ ಅಜೀಂ ಪ್ರೇಮ್‌ಜಿ ಸ್ಟ್ಯಾನ್‌ಫರ್ಡ್ ಓದು ಬಿಟ್ಟು ಬಂದು ಕಂಪನಿ ನೋಡಿಕೊಂಡರು. ಎಣ್ಣೆಯಿಂದ ಸೋಪಿಗೆ ಹೋಗುವುದು ಅರ್ಥವಾಗುತ್ತದೆ, ಕಚ್ಚಾ ಮಾಲು ಹತ್ತಿರದ್ದೇ. ಆದರೆ ಎಣ್ಣೆಯಿಂದ ಕಂಪ್ಯೂಟರಿಗೆ? ಅದಕ್ಕೆ ಕಾರಣ ವಿಪ್ರೋದ ಒಳಗೆ ಇರಲಿಲ್ಲ, ದಿಲ್ಲಿಯಲ್ಲಿತ್ತು. ವಿದೇಶಿ ಕಂಪನಿಗಳು ಇಲ್ಲಿನ ವ್ಯವಹಾರದಲ್ಲಿ ತಮ್ಮ ಪಾಲನ್ನು 40 ಪರ್ಸೆಂಟಿಗೆ ಇಳಿಸಬೇಕು ಅಂತ 70ರ ದಶಕದಲ್ಲಿ ಸರ್ಕಾರ ಪಟ್ಟು ಹಿಡಿಯಿತು, ಐಬಿಎಂ ಒಪ್ಪಲಿಲ್ಲ, 1978ರ ಹೊತ್ತಿಗೆ ಗಂಟುಮೂಟೆ ಕಟ್ಟಿ ಹೊರಟೇ ಹೋಯಿತು. ಜಾಗ ಖಾಲಿಯಾಯಿತು. ವಿಪ್ರೋ ನುಗ್ಗಿತು. 2013ರಲ್ಲಿ ಸೋಪು ಮತ್ತು ಬಲ್ಬಿನ ವ್ಯವಹಾರವನ್ನು ಬೇರೆ ಕಂಪನಿ ಮಾಡಿದರು. ಅಂದರೆ ಹುಟ್ಟಿದ ಮನೆಯ ಕಸುಬನ್ನೇ ಹೊರಗೆ ಕಳಿಸಿದರು.

ಇನ್ನೊಂದು ನಮ್ಮ ಟೈಟನ್. 1984ರಲ್ಲಿ ಶುರು, ಫ್ಯಾಕ್ಟರಿ ಹೊಸೂರಲ್ಲಿ, ಮೊದಲ ಶೋರೂಮು 1987ರಲ್ಲಿ ಇನ್‌ಫೆಂಟ್ರಿ ರೋಡಿನ ಸಫೀನಾ ಪ್ಲಾಜಾದಲ್ಲಿ. ವಾಚಿನ ಬಿಡಿಭಾಗ ಹೊರಗಿಂದ ತರಿಸಬೇಕು, ಅದಕ್ಕೆ ಡಾಲರ್ ಬೇಕು. ಆಗ ಡಾಲರ್ ಅಂದರೆ ಸುಮ್ನೆ ಸಿಗುವ ವಸ್ತು ಅಲ್ಲ. ಒಡವೆ ಮಾಡಿ ವಿದೇಶಕ್ಕೆ ಮಾರಿ ಡಾಲರ್ ಗಳಿಸೋಣ ಅಂತ ಯೋಚನೆ ಮಾಡಿದರು. 1991ರ ನಂತರ ನಿಯಮಗಳು ಸಡಿಲವಾದವು, ಡಾಲರಿನ ಕಷ್ಟ ಹೋಯಿತು. ಒಡವೆ ವ್ಯವಹಾರ ಮಾತ್ರ ಕೈಯಲ್ಲೇ ಉಳಿಯಿತು! ಅದನ್ನೇ ತನಿಷ್ಕ್ ಅಂತ ಇಲ್ಲಿನವರಿಗೆ ಮಾರಲು ಹೊರಟರು, ಮೊದಲ ವರ್ಷಗಳಲ್ಲಿ ಕೈ ಸುಟ್ಟುಕೊಂಡರು. ಆಮೇಲೆ ಚಿನ್ನದ ಶುದ್ಧತೆ ಅಳೆಯುವ ಕ್ಯಾರಟ್‌ಮೀಟರ್ ಅನ್ನು ಅಂಗಡಿಯಲ್ಲೇ ಇಟ್ಟರು. ನಿಮ್ಮ ಒಡವೆ ತನ್ನಿ, ಅಳೆದು ನೋಡಿ ಅಂದರು. ನಮ್ಮಲ್ಲಿ ಚಿನ್ನ ಕೊಳ್ಳುವ ಮನೆಗಳಿಗೆ ಎಷ್ಟೋ ಕಾಲದಿಂದ ಇದ್ದ ಅನುಮಾನ ಅದೇ ತಾನೇ? ಇವತ್ತು ಟೈಟನ್ ಆದಾಯದಲ್ಲಿ 80 ಪರ್ಸೆಂಟಿಗಿಂತ ಜಾಸ್ತಿ ಒಡವೆಯಿಂದ ಬರುತ್ತದೆ. ಹೆಸರು ವಾಚಿನದು, ಸಂಬಳ ಚಿನ್ನದ್ದು.

ಈ ಎರಡೂ ಅವಕಾಶದ ಕತೆಗಳು. ಖಾಲಿ ಜಾಗ ಕಂಡಿತು ಅಥವಾ ಕಷ್ಟ ಬಂತು, ಹೊಸ ಕಡೆ ಹೋದರು. ದೊಡ್ಡ ಟೆಕ್ ಕಂಪನಿಗಳ ವಿಸ್ತರಣೆಯನ್ನೂ ನಾವು ಹೀಗೇ ಓದುತ್ತೇವೆ: ದುಡ್ಡಿದೆ, ಬುದ್ಧಿ ಇದೆ, ಆಸೆ ಇದೆ, ಹೋದರು. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಆಸೆಗಿಂತ ಭಯ ಜಾಸ್ತಿ ಕೆಲಸ ಮಾಡಿದೆ. ಗಿರಾಕಿಗೂ ನನಗೂ ನಡುವೆ ಇನ್ಯಾರೋ ಬಂದು ಕೂತರೆ ಏನು ಗತಿ ಅನ್ನುವ ಭಯ.

ಗೂಗಲ್ ತೆಗೆದುಕೊಳ್ಳಿ. 1998ರಲ್ಲಿ ಹುಡುಕಾಟ, 2000ದಲ್ಲಿ ಅದರ ಪಕ್ಕ ಜಾಹೀರಾತು. ಅಲ್ಲಿಗೆ ದುಡ್ಡಿನ ಮಿಷನ್ ಸಿಕ್ಕಿತು. ಆದರೆ ಜನ ಆ ಪುಟಕ್ಕೆ ಬರುತ್ತಿದ್ದುದು ಮೈಕ್ರೋಸಾಫ್ಟಿನ ವಿಂಡೋಸ್ ಮೇಲೆ, ಬಹುಪಾಲು ಮೈಕ್ರೋಸಾಫ್ಟಿನದೇ ಬ್ರೌಸರ್ ಮೂಲಕ. ಆ ಬಾಗಿಲನ್ನು ಮೈಕ್ರೋಸಾಫ್ಟ್ ನಾಳೆ ತನ್ನ ಕಡೆಗೆ ತಿರುಗಿಸಿಕೊಂಡರೆ? ಮೊಬೈಲಲ್ಲೂ ಅದೇ ಕಂಪನಿ ಬಂದು ಕೂತರೆ? 2005ರಲ್ಲಿ ಆಂಡ್ರಾಯ್ಡ್ ಅನ್ನುವ ಪುಟ್ಟ ಕಂಪನಿಯನ್ನು ಗೂಗಲ್ ಕೊಂಡಿತು. ಮೊದಲ ಆಂಡ್ರಾಯ್ಡ್ ಫೋನು ಬಂದಿದ್ದು 2008ರಲ್ಲಿ, ಕ್ರೋಮ್ ಬ್ರೌಸರ್ ಬಂದಿದ್ದೂ ಅದೇ ವರ್ಷ. ಎರಡಕ್ಕೂ ನಮ್ಮ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಅವು ಮಾರುವ ಸರಕು ಅಲ್ಲ, ಹುಡುಕಾಟದ ಪುಟಕ್ಕೆ ಹೋಗುವ ದಾರಿ ಕಾಯುವ ಕಾವಲು.

ಆ ಕಾವಲು ಇಲ್ಲದ ಕಡೆ ಎಷ್ಟು ಬಾಡಿಗೆ ಕಟ್ಟಬೇಕು ಅನ್ನುವುದು ಅಮೆರಿಕದ ಕೋರ್ಟಿನಲ್ಲಿ ಹೊರಗೆ ಬಂತು. ಐಫೋನಿನ ಸಫಾರಿ ಬ್ರೌಸರಿನಲ್ಲಿ ತನ್ನ ಹುಡುಕಾಟವೇ ಮೊದಲು ಇರಲಿ ಅಂತ 2022 ಒಂದೇ ವರ್ಷ ಗೂಗಲ್ ಆಪಲ್‌ಗೆ ಕೊಟ್ಟಿದ್ದು 20 ಬಿಲಿಯನ್ ಡಾಲರ್, ಅಂದರೆ 2,000 ಕೋಟಿ ಡಾಲರ್. ಬರೀ ಬಾಗಿಲ ಬಾಡಿಗೆ! ಇಷ್ಟು ಕಟ್ಟುವವರಿಗೆ ಸ್ವಂತ ಬಾಗಿಲು ಎಷ್ಟು ಬೆಲೆಬಾಳುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಜಿಮೇಲ್, ಮ್ಯಾಪ್ಸ್, ಯೂಟ್ಯೂಬ್, ಕಂಪ್ಯೂಟರ್ ಬಾಡಿಗೆಗೆ ಕೊಡುವ ಕ್ಲೌಡ್, ಪೇಮೆಂಟು, ಡ್ರೈವರ್ ಇಲ್ಲದ ಕಾರು, ಇಷ್ಟೆಲ್ಲ ಆದ ಮೇಲೂ 2023ರಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ ಬಂದ ಆದಾಯದಲ್ಲಿ ನಾಲ್ಕನೇ ಮೂರು ಭಾಗಕ್ಕಿಂತ ಹೆಚ್ಚು ಜಾಹೀರಾತಿನದೇ. 25 ವರ್ಷ ಎಲ್ಲಾ ಕಡೆ ಕೈ ಚಾಚಿದ ಕಂಪನಿ ಅಂತ ನಾವು ಹೇಳುತ್ತೇವೆ. ದುಡ್ಡಿನ ಕಡೆಯಿಂದ ನೋಡಿದರೆ ಅದು ಕೂತ ಜಾಗದಿಂದ ಎದ್ದೇ ಇಲ್ಲ.

ಈ ಕಾವಲು ನಮ್ಮ ಮೇಲೂ ಬೀಳುತ್ತದೆ. ಪ್ಲೇ ಸ್ಟೋರ್ ಬೇಕು ಅಂದರೆ ಹುಡುಕಾಟ, ಕ್ರೋಮ್ ಎಲ್ಲ ಮೊದಲೇ ಹಾಕಿ ಕೊಡಬೇಕು ಅಂತ ಫೋನ್ ಕಂಪನಿಗಳ ಮೇಲೆ ಗೂಗಲ್ ಷರತ್ತು ಹೇರಿದೆ ಅಂತ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ 2023ರಲ್ಲಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಹಾಗೇ ಉಳಿಸಿತು.

ಫೇಸ್‌ಬುಕ್ ಇನ್ನೂ ನೇರ. 2012ರಲ್ಲಿ ಇನ್‌ಸ್ಟಾಗ್ರಾಂ ಅನ್ನು 1 ಬಿಲಿಯನ್ ಡಾಲರಿಗೆ, 2014ರಲ್ಲಿ ವಾಟ್ಸಾಪ್ ಅನ್ನು 19 ಬಿಲಿಯನ್‌ಗೆ ಕೊಂಡಿತು. ಇನ್‌ಸ್ಟಾಗ್ರಾಂ ಖರೀದಿಗೆ ಮುಂಚೆ ಫೇಸ್‌ಬುಕ್ ಮುಖ್ಯಸ್ಥ ಜುಕರ್‌ಬರ್ಗ್ ಬರೆದ ಇಮೇಲುಗಳು 2020ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದವು. ಮುಂದೆ ಪೈಪೋಟಿಗೆ ಬರಬಹುದಾದವರನ್ನು ಈಗಲೇ ತಣ್ಣಗೆ ಮಾಡುವ ಮಾತು ಅಲ್ಲಿತ್ತು. ಇದರ ಮೇಲೆ ನಡೆದ ಕೇಸಿನಲ್ಲಿ 2025ರ ನವೆಂಬರ್‌ನಲ್ಲಿ ತೀರ್ಪು ಕಂಪನಿಯ ಪರವಾಗಿಯೇ ಬಂತು, ಅದು ಬೇರೆ ಮಾತು. ನಾನು ಹೇಳುತ್ತಿರುವುದು ತಪ್ಪು ಸರಿ ಅಲ್ಲ, ಯಾವ ಮನಸ್ಸಿಂದ ಕೊಂಡರು ಅನ್ನುವುದು. 2021ರಲ್ಲಿ ಆಪಲ್ ಐಫೋನಿನಲ್ಲಿ ಒಂದು ಪ್ರಶ್ನೆ ಸೇರಿಸಿತು: ಈ ಆ್ಯಪ್ ನಿಮ್ಮ ಬೆನ್ನು ಹತ್ತಿ ಬರಲಾ ಬೇಡವಾ? ಬಹಳ ಜನ ಬೇಡ ಅಂದರು. ಹೀಗೆ ಬೆನ್ನು ಹತ್ತಿ ತಿಳಿದದ್ದರ ಮೇಲೆ ಜಾಹೀರಾತು ಮಾರುವ ತನಗೆ ಇದರಿಂದ 2022ರಲ್ಲಿ ಸುಮಾರು 10 ಬಿಲಿಯನ್ ಡಾಲರ್ ಹೊಡೆತ ಬೀಳಬಹುದು ಅಂತ ಫೇಸ್‌ಬುಕ್ ತಾನೇ ಹೇಳಿತು. ಬಾಗಿಲು ಬೇರೆಯವರದ್ದಾದರೆ ಹೀಗೇ. ಆ ಕಂಪನಿ ಹೆಸರು ಬದಲಿಸಿ ಮೆಟಾ ಆಗಿದ್ದು, ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕಗಳ ಹಿಂದೆ ಬಿದ್ದಿದ್ದು, ಅದಕ್ಕಾಗಿ 2022ರಲ್ಲಿ 13.7 ಮತ್ತು 2023ರಲ್ಲಿ 16.1 ಬಿಲಿಯನ್ ಡಾಲರ್ ನಷ್ಟ ಮಾಡಿಕೊಂಡಿದ್ದು, ಇದನ್ನೆಲ್ಲ ಹುಚ್ಚು ಅಂತ ತುಂಬಾ ಜನ ನಕ್ಕರು. ನನಗೆ ಅದು ಲೆಕ್ಕ ಹಾಕಿ ಮಾಡಿದ ಹುಚ್ಚು ಅನ್ನಿಸುತ್ತದೆ. ಮುಂದಿನ ಬಾಗಿಲಾದರೂ ತನ್ನದಾಗಿರಲಿ ಅನ್ನುವ ಹಟ. ಆ ಬಾಗಿಲಿಗೆ ಜನ ಬರುತ್ತಾರಾ ಅನ್ನುವುದು ಬೇರೆ ಪ್ರಶ್ನೆ.

ಬಂದೇ ಬರುತ್ತಾರೆ ಅಂತ ಏನಿಲ್ಲ. ಅಮೆಜಾನ್ 2014ರಲ್ಲಿ ಫೈರ್ ಫೋನ್ ತಂದಿತು. ಅಮೆಜಾನ್‌ಗೆ ಸ್ವಂತ ಫೋನ್ ಬೇಕಿತ್ತು, ಜನರಿಗೆ ಬೇಕಿರಲಿಲ್ಲ, ಕಂಪನಿ 170 ಮಿಲಿಯನ್ ಡಾಲರ್ ನಷ್ಟ ಬರೆದುಕೊಂಡು ಸುಮ್ಮನಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ನೋಕಿಯಾದ ಫೋನ್ ವ್ಯವಹಾರವನ್ನು ಸುಮಾರು 7.2 ಬಿಲಿಯನ್‌ಗೆ ಕೊಂಡು, ಮರುವರ್ಷವೇ 7.6 ಬಿಲಿಯನ್ ಲೆಕ್ಕದಿಂದ ಹೊಡೆದುಹಾಕಿತು. ಕೊಂಡಿದ್ದಕ್ಕಿಂತ ಜಾಸ್ತಿ! ಫೇಸ್‌ಬುಕ್‌ಗೆ ಎದುರಾಗಿ ತಂದ ಗೂಗಲ್ ಪ್ಲಸ್ 2011ರಲ್ಲಿ ಬಂದು 2019ರಲ್ಲಿ ಹೋಯಿತು. ಹತ್ತು ವರ್ಷದ ಹತ್ತಿರ ದುಡಿದ ಮೇಲೆ ಆಪಲ್ ತನ್ನ ಕಾರಿನ ಕೆಲಸವನ್ನು 2024ರಲ್ಲಿ ಕೈಬಿಟ್ಟಿತು. ಭಯದಿಂದ ಹುಟ್ಟಿದ ಸರಕಿನಲ್ಲಿ ಒಂದು ಊನ ಇರುತ್ತದೆ: ಅದು ಕಂಪನಿಯ ತಲೆಬಿಸಿಯನ್ನು ಕಡಿಮೆ ಮಾಡಲು ಹುಟ್ಟಿದ್ದು, ಗಿರಾಕಿಯದನ್ನಲ್ಲ.

ಹಾಗಾದರೆ ಭಯ ಒಂದೇನಾ? ಅಲ್ಲ. ಅಮೆಜಾನ್‌ನ ಕ್ಲೌಡ್ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೇ ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1995ರಲ್ಲಿ ಪುಸ್ತಕ ಮಾರಲು ಶುರು ಮಾಡಿದವರು 2006ರಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡಲು ನಿಂತರು. ಇದಕ್ಕೆ ಎಲ್ಲರೂ ಹೇಳುವ ಕತೆ ಒಂದಿದೆ. ಕ್ರಿಸ್‌ಮಸ್ ಹೊತ್ತಲ್ಲಿ ಗಿರಾಕಿ ಜಾಸ್ತಿ, ಅದಕ್ಕೆ ಅಂತ ಕೊಂಡ ಸರ್ವರ್‌ಗಳು, ಅಂದರೆ ದೊಡ್ಡ ಕಂಪ್ಯೂಟರುಗಳು, ಉಳಿದ ದಿನ ಖಾಲಿ ಕೂತಿರುತ್ತಿದ್ದವು, ಅವನ್ನೇ ಬಾಡಿಗೆಗೆ ಬಿಟ್ಟರು, ದರ್ಶಿನಿಯವರು ಮಿಕ್ಕ ದೋಸೆ ಹಿಟ್ಟನ್ನು ಪ್ಯಾಕೆಟ್ ಮಾಡಿ ಅಕ್ಕಪಕ್ಕದ ಮನೆಗೆ ಮಾರಿದ ಹಾಗೆ. ಕೇಳೋಕೆ ಚೆನ್ನಾಗಿದೆ. ಆದರೆ ಅಮೆಜಾನ್‌ನವರೇ ಇದು ಕಟ್ಟುಕತೆ ಅಂತ ಹೇಳಿದ್ದಾರೆ. ಯೋಚಿಸಿ ನೋಡಿ, ಡಿಸೆಂಬರ್ ಬಂದಾಗ ಏನು ಮಾಡುತ್ತಾರೆ? ಹಿಟ್ಟು ಕೊಂಡವರ ಹತ್ತಿರ ವಾಪಸ್ ಕೇಳೋಕಾಗುತ್ತಾ?

ನಡೆದಿದ್ದು ಬೇರೆ. ಅಮೆಜಾನ್ ಒಳಗೆ ಪ್ರತಿ ತಂಡವೂ ಹೊಸದೇನಾದರೂ ಮಾಡಲು ಹೊರಟಾಗ ಡೇಟಾ ಇಡುವ ಜಾಗ, ಡೇಟಾಬೇಸು, ಸರ್ವರು ಎಲ್ಲವನ್ನೂ ಮೊದಲಿಂದ ಕಟ್ಟುತ್ತಾ ತಿಂಗಳುಗಟ್ಟಲೆ ಕಳೆಯುತ್ತಿತ್ತು. ಇದನ್ನು ಒಂದೇ ಸಲ ಸರಿಯಾಗಿ ಕಟ್ಟಿ, ಬೇಕಾದ ತಂಡ ಬೇಕಾದಷ್ಟು ತೆಗೆದುಕೊಳ್ಳುವ ಹಾಗೆ ಮಾಡಬೇಕಾಯಿತು. ಆಮೇಲೆ ಹೊಳೆದಿದ್ದು, ಈ ತಲೆನೋವು ನಮ್ಮೊಬ್ಬರದೇ ಅಲ್ಲ ಅಂತ. 2006ರ ಮಾರ್ಚಿನಲ್ಲಿ ಡೇಟಾ ಇಡುವ ಜಾಗ ಬಾಡಿಗೆಗೆ ಕೊಡುವ ಎಸ್‌3 ಬಂತು, ಒಂದು ಜಿಬಿಗೆ ತಿಂಗಳಿಗೆ 15 ಸೆಂಟು. ಆಗಸ್ಟಿನಲ್ಲಿ ಸರ್ವರ್ ಬಾಡಿಗೆಗೆ ಕೊಡುವ ಇಸಿ2 ಬಂತು, ಗಂಟೆಗೆ 10 ಸೆಂಟು. ಇಸಿ2 ಕಟ್ಟಿದ ತಂಡ ಕೂತಿದ್ದು ಸಿಯಾಟಲ್‌ನಲ್ಲಿ ಅಲ್ಲ, ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ. ಹೆಡ್ ಆಫೀಸಿಂದ ದೂರ ಇದ್ದಿದ್ದೇ ಒಳ್ಳೆಯದಾಯಿತೋ ಏನೋ, ಮೀಟಿಂಗು ಕಡಿಮೆ.

ಅದು ಎಲ್ಲಿಗೆ ಬಂತು ನೋಡಿ. 2023ರಲ್ಲಿ ಅಮೆಜಾನ್‌ನ ಒಟ್ಟು ಆದಾಯದಲ್ಲಿ ಕ್ಲೌಡಿನ ಪಾಲು 16 ಪರ್ಸೆಂಟ್. ವ್ಯವಹಾರದ ಲಾಭದಲ್ಲಿ ಅದರ ಪಾಲು ಮೂರನೇ ಎರಡು. ಹಿಂದಿನ ವರ್ಷ 2022ರಲ್ಲಿ ಕ್ಲೌಡ್ ಸುಮಾರು 22.8 ಬಿಲಿಯನ್ ಡಾಲರ್ ಲಾಭ ಮಾಡಿತು, ಇಡೀ ಕಂಪನಿಯ ಲಾಭ 12.2 ಬಿಲಿಯನ್. ಉಳಿದದ್ದನ್ನು ಅಂಗಡಿ ನುಂಗಿತು ಅಂತ ಅರ್ಥ. ನಿಮ್ಮ ಮನೆಗೆ ಮರುದಿನವೇ ಬರುವ ಡಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಆ ವರ್ಷ ಎಲ್ಲೋ ಒಂದು ಬ್ಯಾಂಕು, ಎಲ್ಲೋ ಒಂದು ಆಸ್ಪತ್ರೆ ಕಟ್ಟಿದ ಕ್ಲೌಡ್ ಬಿಲ್ಲು ಹೊತ್ತಿತು. ಪಕ್ಕದ ಬೀದಿಯ ಅಂಗಡಿಯವರು ಅದರ ಜೊತೆ ಪೈಪೋಟಿ ಮಾಡುವುದು ಹೇಗೆ? ವಿಸ್ತರಣೆಯ ಬಗ್ಗೆ ನನಗೆ ನಿಜಕ್ಕೂ ಕಸಿವಿಸಿ ಆಗುವುದು ಇಲ್ಲಿ. ಒಂದು ಕಡೆಯ ಲಾಭ ಇನ್ನೊಂದು ಕಡೆಯ ಬೆಲೆಯನ್ನು ಹಿಡಿದಿಟ್ಟಾಗ, ಆ ಇನ್ನೊಂದು ಕಡೆ ಇರುವ ಒಂದೇ ಕಸುಬಿನವರು ಎಷ್ಟು ಜಾಣರಾದರೂ ಸೋಲುತ್ತಾರೆ. ಇನ್ನೊಂದು ಮುಖವೂ ಇದೆ, ಹೇಳದಿದ್ದರೆ ಅನ್ಯಾಯ. ಗಂಟೆ ಲೆಕ್ಕದಲ್ಲಿ ಸರ್ವರ್ ಸಿಗದೇ ಹೋಗಿದ್ದರೆ ಕೋರಮಂಗಲದ ಎರಡು ರೂಮಿನ ಮನೆಯಲ್ಲಿ ಕಂಪನಿ ಕಟ್ಟುವುದು ಈಗಿನಷ್ಟು ಸುಲಭ ಇರುತ್ತಿರಲಿಲ್ಲ.

ಕೋರಮಂಗಲ ಅಂದ ಮೇಲೆ ಫ್ಲಿಪ್‌ಕಾರ್ಟ್. 2007ರಲ್ಲಿ ಅವರೂ ಪುಸ್ತಕದಿಂದಲೇ ಶುರು. ಪುಸ್ತಕ ಕೆಡುವುದಿಲ್ಲ, ಹಾಕಿ ನೋಡಬೇಕಿಲ್ಲ, ಯಾವ ಅಂಗಡಿಯಲ್ಲೂ ಎಲ್ಲಾ ಪುಸ್ತಕ ಇಡುವಷ್ಟು ಜಾಗ ಇರುವುದಿಲ್ಲ. ಆದರೆ ಅವರ ಮುಂದಿನ ಹೆಜ್ಜೆಗಳು ನಮ್ಮ ನೆಲದವು. ಜನ ಕಾರ್ಡ್ ನಂಬರ್ ಕೊಡಲು ಹೆದರಿದರು, 2010ರಲ್ಲಿ ವಸ್ತು ಕೈಗೆ ಬಂದ ಮೇಲೆ ದುಡ್ಡು ಅನ್ನುವ ವ್ಯವಸ್ಥೆ ತಂದರು. ಮನೆಮನೆಯಲ್ಲಿ ದುಡ್ಡು ಎಣಿಸಿ ತರುವ ಕೆಲಸವನ್ನು ಬೇರೆ ಕೊರಿಯರ್‌ಗಳ ಮೇಲೆ ಬಿಡುವುದು ಕಷ್ಟ, ಹಾಗಾಗಿ ಸ್ವಂತ ಸಾಗಣೆ, ಈಕಾರ್ಟ್. 2014ರಲ್ಲಿ ಬಟ್ಟೆ ಮಾರುವ ಮಿಂತ್ರಾವನ್ನು ಕೊಂಡರು. 2016ರಲ್ಲಿ ದುಡ್ಡು ಕಳಿಸುವ ಫೋನ್‌ಪೇಯನ್ನು. ಅದೇ ಫೋನ್‌ಪೇ ಬೆಳೆದೂ ಬೆಳೆದೂ 2022ರ ಕೊನೆಗೆ ಮನೆ ಬಿಟ್ಟು ಬೇರೆಯಾಯಿತು.

ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗುವ ಯುಪಿಐ ವ್ಯವಹಾರಕ್ಕೆ 2020ರಿಂದ ಅಂಗಡಿಯವರ ಹತ್ತಿರ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಆದರೂ ಗೂಗಲ್, ಫೋನ್‌ಪೇ, ಪೇಟಿಎಂ, ಅಮೆಜಾನ್, ವಾಟ್ಸಾಪ್ ಎಲ್ಲವೂ ಅಲ್ಲಿವೆ. ಗೂಗಲ್ 2017ರಲ್ಲಿ ತೇಜ್ ಅಂತ ಭಾರತಕ್ಕಾಗಿಯೇ ಆ್ಯಪ್ ಮಾಡಿ ಮರುವರ್ಷ ಗೂಗಲ್ ಪೇ ಅಂತ ಹೆಸರಿಟ್ಟಿತು. ಎಳನೀರು ಗಾಡಿಯ ಪೆಟ್ಟಿಗೆ ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಅಂತ ಕೂಗಿದಾಗ ಆ ಕಂಪನಿಗೆ ಸಿಗುವುದು ಶುಲ್ಕ ಅಲ್ಲ. ಯಾವ ಅಂಗಡಿಗೆ ದಿನಕ್ಕೆ ಎಷ್ಟು ಬರುತ್ತದೆ ಅನ್ನುವ ತಿಳಿವಳಿಕೆ, ನಾಳೆ ಅವರಿಗೆ ಸಾಲ, ವಿಮೆ ಮಾರುವ ಅವಕಾಶ. ಈ ತಿಳಿವಳಿಕೆ ಎಲ್ಲೆಲ್ಲಿಗೆ ಹೋಗಬಹುದು ಅಂತ 2025ರ ಜುಲೈನಲ್ಲಿ ಬೆಂಗಳೂರು ನೋಡಿತು. ಯುಪಿಐ ಲೆಕ್ಕ ಇಟ್ಟುಕೊಂಡು ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಎಷ್ಟೋ ಅಂಗಡಿಗಳು ಕ್ಯೂಆರ್ ಹಾಳೆ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಬರೆದು ಅಂಟಿಸಿದವು. ಇನ್ನೊಂದು ವಿಷಯ. 2024ರಲ್ಲಿ ಫೋನ್‌ಪೇ ಇಂಡಸ್ ಅಂತ ತನ್ನದೇ ಆ್ಯಪ್ ಅಂಗಡಿ ತೆರೆಯಿತು. ದುಡ್ಡು ಕಳಿಸುವ ಕಂಪನಿಗೆ ಆ್ಯಪ್ ಅಂಗಡಿ ಯಾಕೆ? ಪ್ಲೇ ಸ್ಟೋರಿನ ಬಾಗಿಲು ಪೈಪೋಟಿಯ ಗೂಗಲ್ ಪೇಯ ಅಣ್ಣ ಗೂಗಲ್ ಕೈಯಲ್ಲಿದೆ, ಅದಕ್ಕೆ.

ನಮ್ಮ ಸ್ಟಾರ್ಟಪ್‌ಗಳಿಗೂ ಅಮೆರಿಕದವರಿಗೂ ಒಂದು ವ್ಯತ್ಯಾಸ ಇದೆ. ಅವರು ಮೂಲ ಕಸುಬಿನಲ್ಲಿ ಬಾಚಿದ ಲಾಭವನ್ನು ಬೇರೆ ಕಡೆ ಸುರಿಯುತ್ತಾರೆ. ನಮ್ಮವರಲ್ಲಿ ಹಲವರು ಮೂಲ ಕಸುಬು ನಾಲ್ಕು ಕಾಸು ನೋಡುವ ಮುಂಚೆಯೇ ಎರಡನೆಯದಕ್ಕೆ ಹಾರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಓಲಾ 2015ರಲ್ಲಿ ಊಟ ತಂದುಕೊಡುವ ಓಲಾ ಕೆಫೆ ಶುರು ಮಾಡಿ ಮರುವರ್ಷ ಮುಚ್ಚಿತು. 2017ರ ಕೊನೆಗೆ ಫುಡ್‌ಪಾಂಡಾದ ಭಾರತದ ವ್ಯವಹಾರ ಕೊಂಡಿತು, ಅದೂ ನಿಲ್ಲಲಿಲ್ಲ. 2022ರಲ್ಲಿ ದಿನಸಿಯ ಓಲಾ ಡ್ಯಾಶ್, ಹಳೆ ಕಾರಿನ ಓಲಾ ಕಾರ್ಸ್ ಎರಡಕ್ಕೂ ಬೀಗ ಬಿತ್ತು. ಊಟ ತಂದುಕೊಡುವ ಸ್ವಿಗ್ಗಿ 2020ರಲ್ಲಿ ದಿನಸಿಯ ಇನ್‌ಸ್ಟಾಮಾರ್ಟ್ ತಂದಿದ್ದು ಇದಕ್ಕಿಂತ ಅರ್ಥ ಇರುವ ಹೆಜ್ಜೆ. ಆ್ಯಪ್ ಅದೇ, ಗಿರಾಕಿ ಅವರೇ, ಡೆಲಿವರಿ ಮಾಡುವ ಹುಡುಗರನ್ನು ಸಂಭಾಳಿಸಿ ಗೊತ್ತು. ಆದರೂ ಅದರ ಗೋದಾಮುಗಳ ಖರ್ಚಿಗೆ 2024-25ರಲ್ಲಿ ಕಂಪನಿಯ ನಷ್ಟ 3,100 ಕೋಟಿ ರೂಪಾಯಿ ದಾಟಿತು. ಇಲ್ಲಿ ಹೂಡಿಕೆದಾರರ ಭಯವೂ ಸೇರಿಕೊಳ್ಳುತ್ತದೆ. ಕತೆ ಬೆಳೆಯದಿದ್ದರೆ ಷೇರಿನ ಬೆಲೆ ಬೆಳೆಯುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎಚ್‌ಎಂಟಿಯಿಂದ ರಿಟೈರ್ ಆದ ಹಿರಿಯರೊಬ್ಬರು ಎದ್ದು ನಿಂತರು. “ಅಲ್ಲಪ್ಪ, ನಾವೂ ಎಲ್ಲಾ ಮಾಡಿದ್ವಿ. ಮೆಷಿನ್ ಟೂಲು, ವಾಚು, ಟ್ರ್ಯಾಕ್ಟರು, ಬಲ್ಬು, ಪ್ರಿಂಟಿಂಗ್ ಮಿಷನ್ನು. ನಾವ್ಯಾಕೆ ಉಳೀಲಿಲ್ಲ?”

ಒಳ್ಳೆಯ ಪ್ರಶ್ನೆ ಸಾರ್. ಎಚ್‌ಎಂಟಿ ಮೆಷಿನ್ ಟೂಲಿನಿಂದ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ವಾಚಿಗೆ ಹೋಗಿದ್ದು ಬಹಳ ಜಾಣ ಹೆಜ್ಜೆ. ಕೂದಲೆಳೆಯಷ್ಟು ಸೂಕ್ಷ್ಮವಾಗಿ ಲೋಹ ಕಡೆಯುವ ಕೈಗಳು ಇಲ್ಲಿದ್ದವು. ಟ್ರ್ಯಾಕ್ಟರು, ಬಲ್ಬು ಹಾಗಲ್ಲ, ಅವಕ್ಕೂ ಆ ಕೈಗೂ ನಂಟು ಕಡಿಮೆ. ನನ್ನ ಅನಿಸಿಕೆಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಈಗ ಹೇಳಿದ ಕಂಪನಿಗಳಿಗೆ ವಿಪರೀತ ಭಯ ಇದೆ ಅಂದೆನಲ್ಲ, ಎಚ್‌ಎಂಟಿಗೆ ಭಯವೇ ಇರಲಿಲ್ಲ. ವಾಚಿಗೆ ಜನ ಕಾಯುತ್ತಿದ್ದರು. ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚು ಬಂದಾಗಲೂ ಕೀ ಕೊಡುವ ವಾಚನ್ನೇ ಜಾಸ್ತಿ ನೆಚ್ಚಿಕೊಂಡಿತು. ಪಕ್ಕದ ಹೊಸೂರಿನಿಂದ ಟೈಟನ್ ಬಂದಾಗ ತಡವಾಗಿತ್ತು. 2016ರಲ್ಲಿ ವಾಚಿನ ಘಟಕ ಮುಚ್ಚಲು ಸರ್ಕಾರವೇ ಒಪ್ಪಿಗೆ ಕೊಟ್ಟಿತು. ಪ್ರಶ್ನೆ ಕೇಳಿದ ಹಿರಿಯರು ಇದನ್ನು ಪೂರ್ತಿ ಒಪ್ಪಲಿಲ್ಲ. ಕೆಲಸಗಾರರು ಎಚ್ಚರಿಸಿದ್ದರು, ಮೇಲಿನವರು ಕೇಳಲಿಲ್ಲ ಅಂದರು. ಇರಬಹುದು, ಒಳಗಿದ್ದವರು ಅವರು.

ಒಂದು ದೊಡ್ಡ ಕಂಪನಿಯ ಹೊಸ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿ ಕೇಳಿದರು: “ಸರ್, ನಮ್ಮಂಥ ಟೀಮುಗಳಲ್ಲಿ ಇರೋದು ಸೇಫಾ?” ನಾನಾದರೆ ಮೊದಲು ನೋಡುವುದು, ನಿಮ್ಮ ಸಂಬಳ ನಿಮ್ಮ ವಿಭಾಗದ ಗಳಿಕೆಯಿಂದ ಬರುತ್ತಾ ಅಥವಾ ಹಳೆ ಕಸುಬಿನ ಜೇಬಿಂದ ಬರುತ್ತಾ ಅಂತ. ಹಳೆ ಜೇಬಿಂದ ಅಂದರೆ ಕೆಟ್ಟದ್ದೇನಲ್ಲ. ಆದರೆ ಆ ಹಳೆ ಕಸುಬನ್ನು ನಿಮ್ಮ ವಿಭಾಗ ಕಾಯುತ್ತಿದೆಯಾ ನೋಡಿ. ಕಾಯುತ್ತಿದ್ದರೆ ನಷ್ಟದಲ್ಲೂ ವರ್ಷಗಟ್ಟಲೆ ಸಾಕುತ್ತಾರೆ. ಕಾಯದೆ, ಗಳಿಸದೆ, ಬರೀ ಪ್ರೆಸೆಂಟೇಷನ್‌ನಲ್ಲಿ ಚಂದ ಕಾಣುತ್ತಿದ್ದರೆ ರೆಸ್ಯೂಮೆ ರೆಡಿ ಇಟ್ಟುಕೊಳ್ಳಮ್ಮ ಅಂದೆ. ಎಲ್ಲರೂ ನಕ್ಕರು, ಆಕೆ ಅಷ್ಟು ನಗಲಿಲ್ಲ.

ಕೊನೆಯ ಪ್ರಶ್ನೆ ಎಐ ಬಗ್ಗೆ. ಇಷ್ಟೊಂದು ದುಡ್ಡು ಯಾಕೆ ಸುರಿಯುತ್ತಿದ್ದಾರೆ, ಗೂಗಲ್ ಆ 15 ಬಿಲಿಯನ್ ಡಾಲರಿನ ಎಐ ಕೇಂದ್ರವನ್ನು, ಅಂದರೆ ಸರ್ವರುಗಳನ್ನು ಇಡುವ ಕೇಂದ್ರವನ್ನು, ಬೆಂಗಳೂರು ಬಿಟ್ಟು ವಿಶಾಖಪಟ್ಟಣಕ್ಕೆ ಯಾಕೆ ಕೊಟ್ಟಿತು ಅಂತ ಒಬ್ಬರು ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು. ಮೊದಲನೆಯದಕ್ಕೆ ಉತ್ತರ ಅದೇ ಹಳೆ ಭಯ. ಜನ ಹತ್ತು ಲಿಂಕು ನೋಡುವ ಬದಲು ಎಐ ಹತ್ತಿರ ಒಂದೇ ಉತ್ತರ ಕೇಳಿಕೊಂಡು ಹೋದರೆ ಪಕ್ಕದ ಜಾಹೀರಾತನ್ನು ಯಾರು ನೋಡುತ್ತಾರೆ? ಎರಡನೆಯದಕ್ಕೆ ಭಯ ಗಿಯ ಏನಿಲ್ಲ. ಅಲ್ಲಿ ಸಮುದ್ರ ಇದೆ, ಕೇಬಲ್ ನೇರವಾಗಿ ದಡಕ್ಕೆ ತರಬಹುದು, ಜಾಗ ಇದೆ, ಆಂಧ್ರ ಸರ್ಕಾರ ರಿಯಾಯಿತಿ ಕೊಟ್ಟಿದೆ. ಸರ್ವರುಗಳನ್ನು ತಣ್ಣಗಿಡಲು ನೀರೂ ಬೇಕು, ನಾವು ಕುಡಿಯುವ ನೀರನ್ನೇ ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪ್ ಮಾಡಿ ಮೇಲಕ್ಕೆ ತರುತ್ತಿದ್ದೇವೆ. ಇಂಥ ಕೇಂದ್ರ ಕಟ್ಟುವಾಗ ತುಂಬಾ ಜನ ಬೇಕು, ಕಟ್ಟಿದ ಮೇಲೆ ಒಳಗೆ ಸ್ವಲ್ಪವೇ ಜನ, ಆದರೆ ಕರೆಂಟು ಹಗಲು ರಾತ್ರಿ ಬೇಕು. ಅಲ್ಲಿ ಓಡುವ ಸಾಫ್ಟ್‌ವೇರ್ ಬರೆಯುವ, ನಡೆಸುವ ಇಂಜಿನಿಯರುಗಳು ಬೆಂಗಳೂರಿನ ಮಹದೇವಪುರದಲ್ಲೇ ಕೂತಿರುತ್ತಾರೆ, 2025ರ ಫೆಬ್ರವರಿಯಲ್ಲಿ ಗೂಗಲ್ ಅಲ್ಲಿ ‘ಅನಂತ’ ಅನ್ನುವ ದೊಡ್ಡ ಆಫೀಸು ತೆರೆದಿದೆ. ಈ ವ್ಯವಹಾರದಲ್ಲಿ ನಮಗೆ ಲುಕ್ಸಾನು ಅಂತ ನನಗೆ ಅನ್ನಿಸಲಿಲ್ಲ. ಕೇಳಿದವರು ಒಪ್ಪಲಿಲ್ಲ, ಹೊರಗೆ ಕಾಫಿ ಕುಡಿಯುವಾಗಲೂ ವಾದ ಬಿಡಲಿಲ್ಲ.